ಗ್ರಾನೈಟ್ ಬಂಡೆ ಒಳಗಿನ ಕರಿ ಪಟ್ಟೆ: ವಯಸ್ಸು ಹೇಗೆ ಹೇಳ್ತಾರೆ, ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗತ್ತೆ?

ಮೇಷ್ಟ್ರು_ಕನಕಪುರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತೀನಿ, ಭೂವಿಜ್ಞಾನ ಓದಿದವನಲ್ಲ. ರಾಮನಗರ, ಕನಕಪುರ, ಹಾರೋಹಳ್ಳಿ ಈ ಕಡೆ ಓಡಾಡಿದವರಿಗೆ ಗೊತ್ತಿರತ್ತೆ, ಎಲ್ಲಿ ನೋಡಿದ್ರೂ ಬೂದು ಇಲ್ಲಾ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆ, ಅದರ ಮಧ್ಯ ಅಲ್ಲಲ್ಲಿ ಕಪ್ಪು ಕಲ್ಲು. ಈ ಕಪ್ಪು ಎರಡು ಥರ ಕಾಣತ್ತೆ. ಒಂದು ನೇರವಾಗಿ ಗೆರೆ ಎಳೆದ ಹಾಗೆ ಉದ್ದಕ್ಕೆ ಹೋಗತ್ತೆ, ಹೊಲದಲ್ಲಿ ಮುಳುಗಿ ಆಚೆ ಗುಡ್ಡದಲ್ಲಿ ಮತ್ತೆ ಏಳತ್ತೆ, ಅಗಲ ಮೂವತ್ತು ನಲವತ್ತು ಅಡಿ ಇರಬಹುದು. ಇನ್ನೊಂದು ಗುಲಾಬಿ ಬಂಡೆ ಒಳಗೇ ದುಂಡುದುಂಡಗೆ, ತೆಂಗಿನಕಾಯಿ ಗಾತ್ರದಿಂದ ಹಿಡಿದು ಎತ್ತಿನಗಾಡಿ ಗಾತ್ರದವರೆಗೂ ಕಪ್ಪು ಮಚ್ಚೆ ಮಚ್ಚೆ.

ಮಕ್ಕಳನ್ನ ಕರ್ಕೊಂಡು ಹೋಗಿದ್ದಾಗ ಒಂದು ಹುಡುಗಿ ಕೇಳಿದ್ಲು, ಸಾರ್ ಈ ಎರಡರಲ್ಲಿ ಯಾವುದು ಮೊದಲು ಹುಟ್ಟಿದ್ದು, ಕಪ್ಪೋ ಗುಲಾಬಿಯೋ ಅಂತ. ಪುಸ್ತಕದಲ್ಲಿ ಅಗ್ನಿಶಿಲೆ, ಶಿಲಾಪಾಕ ತಣ್ಣಗಾಗಿ ಆಗಿದ್ದು ಅಂತ ಎರಡು ಸಾಲು ಇದೆ ಅಷ್ಟೇ, ಅದನ್ನ ಹೇಳಿ ಸುಮ್ನಾಗೋಕೆ ಮನಸ್ಸು ಬರಲಿಲ್ಲ. ನನ್ನ ಪ್ರಶ್ನೆ ಇಷ್ಟು: ಬಂಡೆ ನೋಡೇ ಯಾವುದು ಹಳೇದು ಅಂತ ಹೇಳೋಕಾಗತ್ತಾ? ಇಷ್ಟು ಕೋಟಿ ವರ್ಷ ಅಂತ ಸಂಖ್ಯೆ ಕೊಡ್ತಾರಲ್ಲ, ಅದನ್ನ ಕಲ್ಲಿಂದ ನಿಜವಾಗಿ ಹೇಗೆ ತೆಗೀತಾರೆ? ಆಮೇಲೆ ಈ ಕರಿ ಶಿಲಾಪಾಕ ಎಲ್ಲಿಂದ ಬಂತು, ನೇರ ಕೆಳಗಿಂದ ಎದ್ದು ಬಂತಾ ಅಥವಾ ದೂರದಿಂದ ಪಕ್ಕಕ್ಕೆ ಹರಿದು ಬಂತಾ ಅಂತ ಕಂಡುಹಿಡಿಯೋ ದಾರಿ ಇದೆಯಾ? ಇಂಗ್ಲಿಷಲ್ಲಿ ಓದಿದ್ರೆ ಅರ್ಧ ಅರ್ಥ ಆಗತ್ತೆ ಅರ್ಧ ಆಗಲ್ಲ, ದಯವಿಟ್ಟು ಕನ್ನಡದಲ್ಲೇ ಸ್ವಲ್ಪ ಬಿಡಿಸಿ ಹೇಳಿ.

ಸುತ್ತಿಗೆ_ಲೆನ್ಸ್

ಮೇಷ್ಟ್ರೇ, ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ, ಲ್ಯಾಬಿಗೆ ಹೋಗೋಕೆ ಮುಂಚೆ ಭೂವಿಜ್ಞಾನಿ ಕೇಳೋದೂ ಅದನ್ನೇ. ಮತ್ತೆ ನೀವು ಎರಡು ಥರ ಕಪ್ಪು ಅಂತ ಬೇರೆ ಮಾಡಿ ಹೇಳಿದ್ರಲ್ಲ, ಅರ್ಧ ಕೆಲಸ ಅಲ್ಲೇ ಆಯ್ತು, ಯಾಕಂದ್ರೆ ಅವೆರಡರ ಕಥೆ ಪೂರ್ತಿ ಬೇರೆ.

ಮೊದಲು ಗುಲಾಬಿ ಬಂಡೆ. ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಕಬ್ಬಾಳದುರ್ಗದ ಕಡೆಯಿಂದ ಶುರುವಾಗಿ ರಾಮನಗರ, ಮಾಗಡಿ, ತುಮಕೂರು, ಪಾವಗಡ ದಾಟಿ ಉತ್ತರಕ್ಕೆ ಹೆಚ್ಚುಕಡಿಮೆ 400 ಕಿಲೋಮೀಟರ್ ಉದ್ದ ಹೋಗತ್ತೆ, ಅಗಲ 20–30 ಕಿಲೋಮೀಟರ್ ಅಷ್ಟೇ. ವಯಸ್ಸು ಸುಮಾರು 252 ಕೋಟಿ ವರ್ಷ. ಇದೂ ಒಳನುಗ್ಗಿದ ಬಂಡೆನೇ, ನುಗ್ಗಿದ್ದು ಇನ್ನೂ ಹಳೇ ನೈಸ್ ಶಿಲೆ ಒಳಗೆ, ಅಂದ್ರೆ ಆಳದಲ್ಲಿ ಬಿಸಿ ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾಗಿ ಬದಲಾದ ಕಲ್ಲು. ಬೆಂಗಳೂರಲ್ಲಿ ಲಾಲ್‌ಬಾಗ್ ಬಂಡೆ ನೋಡಿರ್ತೀರಲ್ಲ, ಅದು ಆ ನೈಸು, 300 ಕೋಟಿ ವರ್ಷದ್ದು ಅಂತ ಬೋರ್ಡ್ ಹಾಕಿದ್ದಾರೆ.

ಈಗ ನೇರ ಪಟ್ಟೆ. ಅದು ಡೈಕ್. ಗ್ರಾನೈಟ್ ಗಟ್ಟಿಯಾಗಿ, ತಣ್ಣಗಾಗಿ, ಆಮೇಲೆ ಯಾವಾಗಲೋ ಸೀಳಿದಾಗ ಆ ಸೀಳಲ್ಲಿ ಕಪ್ಪು ಶಿಲಾಪಾಕ ತುಂಬ್ಕೊಂಡಿದ್ದು. ನೋಡೇ ಹೇಳೋದು ಹೇಗೆ ಅಂದ್ರೆ, ಇನ್ನೊಂದನ್ನ ಕತ್ತರಿಸಿ ಹೋಗಿರೋದು ಯಾವಾಗಲೂ ವಯಸ್ಸಲ್ಲಿ ಚಿಕ್ಕದು, ಕತ್ತರಿಸಲ್ಪಟ್ಟಿರೋದು ಹಳೇದು. ಆದ್ರೆ ಅಷ್ಟಕ್ಕೇ ನಿಲ್ಲಿಸಬೇಡಿ, ಕಪ್ಪು ಮತ್ತೆ ಗುಲಾಬಿ ಸೇರೋ ಗೆರೆ ಇದ್ಯಲ್ಲ, ಅಲ್ಲಿ ಕೂತು ಲೆನ್ಸ್ ಇಟ್ಟು ನೋಡಿ. ಗೆರೆ ಪಕ್ಕದ ಕಪ್ಪು ಕಲ್ಲಲ್ಲಿ ಕಣಗಳೇ ಕಾಣಲ್ಲ, ನುಣ್ಣಗೆ ಇರತ್ತೆ. ಒಂದೊಂದೇ ಹೆಜ್ಜೆ ಒಳಗೆ ಹೋಗ್ತಾ ಹೋದ ಹಾಗೆ ಸಣ್ಣ ಸಣ್ಣ ಬಿಳಿ ಕಡ್ಡಿ ಥರ ಫೆಲ್ಸ್‌ಪಾರ್ ಅನ್ನೋ ಖನಿಜ ಕಾಣೋಕೆ ಶುರುವಾಗತ್ತೆ, ನಡುಮಧ್ಯಕ್ಕೆ ಬಂದ್ರೆ ಬರಿಗಣ್ಣಿಗೇ ಹರಳು ಕಾಣತ್ತೆ. ಕುದಿಯೋ ಬೆಲ್ಲದ ಪಾಕನ ತಣ್ಣೀರಿಗೆ ಬಿಟ್ಟಾಗ ಹೊರಗಿನ ಪದರ ಥಟ್ಟಂತ ಗಟ್ಟಿಯಾಗತ್ತಲ್ಲ, ಇಲ್ಲಿ ಆಗಿರೋದೂ ಅದೇ. ಅಂಚಿನ ಶಿಲಾಪಾಕಕ್ಕೆ ಹರಳು ಬೆಳೆಸೋಕೆ ಟೈಮೇ ಸಿಗಲಿಲ್ಲ, ಅಂದ್ರೆ ಅದು ಬಂದಾಗ ಗ್ರಾನೈಟ್ ಆಗಲೇ ಆರಿ ತಣ್ಣಗಾಗಿತ್ತು. ಇದೊಂದನ್ನ ಮಕ್ಕಳಿಗೆ ತೋರಿಸಿ, ಯಾವ ಮೆಷಿನ್ನೂ ಬೇಡ.

ದುಂಡು ಮಚ್ಚೆಗಳ ಹತ್ರ ಬಂದ್ರೆ ಪೂರ್ತಿ ಉಲ್ಟಾ. ಅದರ ಅಂಚು ನೇರ ಇರಲ್ಲ, ಮೋಡದ ಅಂಚಿನ ಹಾಗೆ ಉಬ್ಬು ತಗ್ಗು ಇರತ್ತೆ, ಕೆಲವು ಕಡೆ ಕಪ್ಪು ಮಚ್ಚೆ ಒಳಗೇ ಗ್ರಾನೈಟಿನ ದಪ್ಪ ಗುಲಾಬಿ ಫೆಲ್ಸ್‌ಪಾರ್ ಹರಳು ಕೂತಿರತ್ತೆ. ಗಟ್ಟಿ ಕಲ್ಲಿನ ಒಳಗೆ ಹೊರಗಿನ ಹರಳು ಹೋಗಿ ಕೂರೋಕೆ ಸಾಧ್ಯನೇ ಇಲ್ಲ, ಹಾಗಾಗಿ ಎರಡೂ ದ್ರವ ಆಗಿದ್ದಾಗಲೇ ಸೇರಿದ್ದು, ಪೂರ್ತಿ ಬೆರೆಯೋಕೆ ಮುಂಚೆ ತಣ್ಣಗಾಗಿದ್ದು. ಅಂದ್ರೆ ಆ ಹುಡುಗಿಗೆ ಉತ್ತರ: ದುಂಡು ಕಪ್ಪು ಮತ್ತೆ ಗುಲಾಬಿ ಸಾಮಾನ್ಯವಾಗಿ ಒಂದೇ ಕಾಲದ್ದು, ಪಟ್ಟೆ ಕಪ್ಪು ಆಮೇಲಿನದು. ಒಂದು ಎಚ್ಚರಿಕೆ ಏನಂದ್ರೆ ಮೂಲೆ ಮೂಲೆ ಚೂಪಾಗಿರೋ, ಒಳಗೆ ಪಟ್ಟೆ ಪಟ್ಟೆ ಇರೋ ಕಪ್ಪು ತುಂಡು ಸಿಕ್ಕಿದ್ರೆ ಅದು ಮೂರನೇ ಜಾತಿ, ಗ್ರಾನೈಟ್ ನುಗ್ಗುವಾಗ ಹಳೇ ಗೋಡೆಯಿಂದ ಕಿತ್ಕೊಂಡು ಬಂದ ತುಂಡು, ಅದು ಗ್ರಾನೈಟಿಗಿಂತ ಹಳೇದು. ಮೂರೂ ಕಪ್ಪೇ, ಮೂರಕ್ಕೂ ಬೇರೆ ಬೇರೆ ಉತ್ತರ, ಅಂಚು ನೋಡದೆ ಬಣ್ಣ ನೋಡಿ ಹೇಳೋಕಾಗಲ್ಲ.

ಕರಿಕಲ್ಲು_ಕ್ವಾರಿ

ಸುತ್ತಿಗೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಓದಿದ್ದು ಕಮ್ಮಿ ಆದ್ರೆ ಕ್ವಾರಿಲಿ ದಿನಾ ನೋಡೋದು ಇದನ್ನೇ. ನೀವು ಡೈಕ್ ಅನ್ನೋದೇ ನಮ್ಮ ಕರಿಕಲ್ಲು, ಕನಕಪುರ ಬ್ಲ್ಯಾಕು ಚಾಮರಾಜನಗರ ಬ್ಲ್ಯಾಕು ಅಂತ ಹೋಗೋ ಮಾಲು, ಬ್ಲ್ಯಾಕ್ ಗ್ರಾನೈಟ್ ಅಂತ ಮಾರ್ತಾರೆ ಆದ್ರೆ ಗ್ರಾನೈಟ್ ಅಲ್ಲ ಅಂತ ಪಾಲಿಶ್ ಮಾಡೋರಿಗೂ ಗೊತ್ತು. ಅಂಚಿನ ಕಲ್ಲು ನುಣ್ಣಗೆ ಇರತ್ತೆ ಆದ್ರೆ ಬಿರುಕು ಜಾಸ್ತಿ, ಬ್ಲಾಕ್ ಸರಿಯಾಗಿ ಏಳಲ್ಲ, ಅದಕ್ಕೆ ಎರಡೂ ಕಡೆ ಅಂಚು ಬಿಟ್ಟು ನಡುವಿನದು ವೈರ್ ಸಾ ಹಾಕಿ ತೆಗೀತೀವಿ. ನಡುವೆ ಕಣ ದಪ್ಪ ಆದ್ರೆ ಪಾಲಿಶಲ್ಲಿ ಬಣ್ಣ ಸ್ವಲ್ಪ ಬೂದು ಹೊಡೆಯತ್ತೆ, ಅದಕ್ಕೆ ರೇಟು ಬೇರೆ.

ಇನ್ನೊಂದು ಹೇಳಬೇಕು. ಕರಿಕಲ್ಲು ಮೇಲಿನ ಭಾಗ ಈರುಳ್ಳಿ ಸಿಪ್ಪೆ ಥರ ಪದರ ಪದರ ಬಿಟ್ಟು ಕಂದು ಬಣ್ಣಕ್ಕೆ ತಿರುಗಿರತ್ತೆ, ಒಳಗೆ ಗುಂಡು ಗುಂಡಾಗಿ ಗಟ್ಟಿ ಕಲ್ಲು ಉಳಿದಿರತ್ತೆ. ಮೇಷ್ಟ್ರು ದುಂಡು ಕಪ್ಪು ಅಂದ್ರಲ್ಲ, ಹೊಲದಲ್ಲಿ ಮಣ್ಣಿನ ಮೇಲೆ ಸಾಲಾಗಿ ಕೂತಿರೋ ಕರಿ ಗುಂಡು ಆದ್ರೆ ಅದು ಡೈಕೇ, ಮಳೆ ಗಾಳಿಗೆ ಸವೆದು ಹಾಗಾಗಿದೆ. ಬಂಡೆ ಒಳಗೆ ಹೂತಿರೋ ದುಂಡಗಿಂದು ಬೇರೆ. ಮಕ್ಕಳು ಇದನ್ನ ಬೆರಕೆ ಮಾಡ್ಕೋತಾರೆ. ಮತ್ತೆ ದಯವಿಟ್ಟು ಬಿಟ್ಟುಹೋದ ಕ್ವಾರಿ ಗುಂಡಿ ಅಂಚಿಗೆ ಮಕ್ಕಳನ್ನ ಬಿಡಬೇಡಿ, ನೀರು ಎಷ್ಟು ಆಳ ಇದೆ ಅಂತ ಮೇಲಿಂದ ತಿಳಿಯಲ್ಲ.

ಹರಳು_ಲ್ಯಾಬ್

ವಯಸ್ಸಿನ ಸಂಖ್ಯೆ ಹೇಗೆ ತೆಗೀತಾರೆ ಅನ್ನೋದಕ್ಕೆ ನಾನು ಬರೀತೀನಿ, ಸ್ವಲ್ಪ ಉದ್ದ ಆಗತ್ತೆ, ಓದಿ.

ಜಿರ್ಕಾನ್ ಅಂತ ಒಂದು ಖನಿಜ ಇದೆ, ಗ್ರಾನೈಟಲ್ಲಿ ಮರಳಿನ ಕಣಕ್ಕಿಂತ ಚಿಕ್ಕದಾಗಿ ಇರತ್ತೆ. ಶಿಲಾಪಾಕ ತಣ್ಣಗಾಗ್ತಾ ಈ ಹರಳು ಕಟ್ಟಿಕೊಳ್ಳುವಾಗ ಜಿರ್ಕೋನಿಯಂ ಜಾಗದಲ್ಲಿ ಸ್ವಲ್ಪ ಯುರೇನಿಯಂ ಸೇರ್ಕೊಳ್ಳತ್ತೆ, ಆದ್ರೆ ಸೀಸಕ್ಕೆ ಅಲ್ಲಿ ಜಾಗ ಇಲ್ಲ, ಅದರ ಪರಮಾಣು ಅಲ್ಲಿ ಹೊಂದಲ್ಲ. ಆಮೇಲೆ ಯುರೇನಿಯಂ ತಾನಾಗೇ ಕ್ಷಯಿಸಿ ಕೊನೆಗೆ ಸೀಸ ಆಗತ್ತೆ. ಹಾಗಾಗಿ ಇವತ್ತು ಆ ಹರಳಲ್ಲಿ ಸಿಗೋ ಸೀಸ ಹತ್ತಿರಹತ್ತಿರ ಎಲ್ಲಾ ಅಲ್ಲೇ ಹುಟ್ಟಿದ್ದು. ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟಾಗಿದೆ ಅಂತ ಅಳೆದ್ರೆ ಹರಳು ಕಟ್ಟಿ ಎಷ್ಟು ಕಾಲ ಆಯ್ತು ಅಂತ ಲೆಕ್ಕ ಬರತ್ತೆ.

ಇದರಲ್ಲಿ ನನಗೆ ಇವತ್ತಿಗೂ ಬಹಳ ಇಷ್ಟ ಆಗೋ ವಿಷಯ ಏನಂದ್ರೆ ಒಂದೇ ಹರಳಲ್ಲಿ ಎರಡು ಗಡಿಯಾರ ಇದೆ. ಯುರೇನಿಯಂ-238 ಸೀಸ-206 ಆಗತ್ತೆ (ಈ ಸಂಖ್ಯೆ ಪರಮಾಣುವಿನ ತೂಕ, ಒಂದೇ ಧಾತುವಿನ ಬೇರೆ ಬೇರೆ ತೂಕದ ಜಾತಿಗೆ ಐಸೊಟೋಪ್ ಅಂತಾರೆ), ಅರ್ಧಾಯು ಅಂದ್ರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸೋಕೆ ಹಿಡಿಯೋ ಕಾಲ 446.8 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗತ್ತೆ, ಅದರ ಅರ್ಧಾಯು ಬರೀ 70.4 ಕೋಟಿ ವರ್ಷ. ಬೆಂಗಳೂರು ಸುತ್ತಮುತ್ತ ಪೂರ್ವ-ಪಶ್ಚಿಮ ಹಾಯೋ ದೊಡ್ಡ ಡೈಕ್‌ಗಳಿಗೆ 236.7 ಕೋಟಿ ವರ್ಷ ಅಂತ ವಯಸ್ಸು ಸಿಕ್ಕಿದೆ, ಅದನ್ನೇ ತಗೊಳ್ಳಿ. ಅಷ್ಟು ಕಾಲ ಕಳೆದ ಮೇಲೆ ಹರಳಲ್ಲಿ ಮೊದಲಿದ್ದ 238ರಲ್ಲಿ 100ಕ್ಕೆ 69 ಇನ್ನೂ ಹಾಗೇ ಉಳಿದಿರಬೇಕು, 235ರಲ್ಲಿ 100ಕ್ಕೆ 10ಕ್ಕಿಂತ ಕಮ್ಮಿ ಉಳಿದಿರಬೇಕು. ಎರಡನ್ನೂ ಬೇರೆ ಬೇರೆ ಅಳೆದಾಗ ಎರಡೂ ಒಂದೇ ವಯಸ್ಸು ಹೇಳಿದ್ರೆ ಆ ಹರಳಿಂದ ಸೀಸ ಸೋರಿಲ್ಲ ಅಂತ ನಂಬಬಹುದು. ಸೋರಿದ್ರೆ ಎರಡು ಗಡಿಯಾರ ಬೇರೆ ಬೇರೆ ಟೈಮ್ ತೋರಿಸತ್ತೆ, ಆಗಲೇ ಸಿಕ್ಕಿಬೀಳತ್ತೆ. ತನ್ನ ಸಾಕ್ಷಿ ಸರಿನಾ ತಪ್ಪಾ ಅಂತ ತಾನೇ ಹೇಳೋ ವಿಧಾನ ಇನ್ನೊಂದು ಇಷ್ಟು ಚೆನ್ನಾಗಿರೋದು ಸಿಗಲ್ಲ.

ಗ್ರಾನೈಟಿಗೆ ಜಿರ್ಕಾನ್ ಸಾಕು. ಕರಿ ಡೈಕಿಗೆ ಕಷ್ಟ ಇದೆ. ಆ ಶಿಲಾಪಾಕದಲ್ಲಿ ಸಿಲಿಕಾ (ಮರಳಲ್ಲಿರೋ ವಸ್ತು) ಕಮ್ಮಿ, ಜಿರ್ಕಾನ್ ಹುಟ್ಟೋದೇ ಅಪರೂಪ. ಅದಕ್ಕಿಂತ ಕೆಟ್ಟದ್ದು, ಒಂದು ವೇಳೆ ಜಿರ್ಕಾನ್ ಸಿಕ್ಕಿದ್ರೂ ಅದು ಡೈಕ್ ಬರುವಾಗ ಪಕ್ಕದ ಗ್ರಾನೈಟ್ ಗೋಡೆಯಿಂದ ಕಿತ್ಕೊಂಡು ಬಂದಿದ್ದು ಆಗಿರಬಹುದು. ಅದನ್ನ ಅಳೆದ್ರೆ 252 ಕೋಟಿ ಬರತ್ತೆ, ಸಂಖ್ಯೆ ಏನೂ ತಪ್ಪಲ್ಲ, ಆದ್ರೆ ಅದು ಡೈಕಿನ ವಯಸ್ಸಲ್ಲ. ಇದಕ್ಕೆ ಪರಿಹಾರ ಬ್ಯಾಡಿಲಿಯೈಟ್ ಅನ್ನೋ ಖನಿಜ, ಬರೀ ಜಿರ್ಕೋನಿಯಂ ಮತ್ತೆ ಆಮ್ಲಜನಕ. ಇದೂ ಯುರೇನಿಯಂ ಹಿಡಿಯತ್ತೆ ಸೀಸ ಬಿಡತ್ತೆ. ಇದು ಸಿಲಿಕಾ ಜಾಸ್ತಿ ಇರೋ ಕಡೆ ಉಳಿಯೋದೇ ಇಲ್ಲ, ಸಿಲಿಕಾ ಸೇರಿಸ್ಕೊಂಡು ಜಿರ್ಕಾನ್ ಆಗಿಬಿಡತ್ತೆ. ಹಾಗಾಗಿ ಗ್ರಾನೈಟಿಂದ ಕದ್ದು ಬರೋ ಪ್ರಶ್ನೆನೇ ಇಲ್ಲ, ಡೈಕಲ್ಲಿ ಬ್ಯಾಡಿಲಿಯೈಟ್ ಇದ್ರೆ ಅದು ಆ ಶಿಲಾಪಾಕದಲ್ಲೇ ಹುಟ್ಟಿದ್ದು. 1980ರ ದಶಕದ ಕೊನೆ ಹೊತ್ತಿಗೆ ಕೆನಡಾದ ಡೈಕ್‌ಗಳಲ್ಲಿ ಇದನ್ನ ಬಳಸೋದು ಗಟ್ಟಿಯಾಯ್ತು, ಆಮೇಲೆ ಜಗತ್ತಿನ ಡೈಕ್‌ಗಳ ಕಾಲಮಾನವೇ ಬದಲಾಗಿಹೋಯ್ತು.

ಕೈಕೆಲಸ ಹೇಗಿರತ್ತೆ ಅಂದ್ರೆ, ದಪ್ಪ ಡೈಕಿನ ನಟ್ಟನಡುವಿನ ದಪ್ಪ ಕಣದ ಕಲ್ಲು ತರಬೇಕು, ಕ್ವಾರಿ ಅಣ್ಣ ಬೂದು ಹೊಡೆಯತ್ತೆ ಅಂದ್ರಲ್ಲ ಅದೇ ನಮಗೆ ಚಿನ್ನ, ಯಾಕಂದ್ರೆ ನಿಧಾನ ತಣ್ಣಗಾದ ಕಡೆ, ಕೊನೇಲಿ ಉಳಿದ ಚೂರು ಪಾಕದಲ್ಲಿ ಬ್ಯಾಡಿಲಿಯೈಟ್ ಬೆಳೆಯೋಕೆ ಟೈಮ್ ಸಿಕ್ಕಿರತ್ತೆ. ಕಲ್ಲನ್ನ ಪುಡಿ ಮಾಡಿ, ಅಲ್ಲಾಡೋ ಮೇಜಿನ ಮೇಲೆ ನೀರು ಹರಿಸಿ ಹಗುರ ಕಣ ತೊಳೆದು ಹಾಕ್ತಾರೆ, ಭಾರದ್ದು ಉಳಿಯತ್ತೆ, ಅದರಲ್ಲಿ ಆಯಸ್ಕಾಂತಕ್ಕೆ ಅಂಟೋದನ್ನ ತೆಗೀತಾರೆ. ಉಳಿದ ಚಿಟಿಕೆ ಪುಡಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ಕಂದು ಬಣ್ಣದ ತೆಳ್ಳಗಿನ ಬಿಲ್ಲೆ ಥರ ಕಾಣೋ ಹರಳನ್ನ ಒಂದೊಂದಾಗಿ ಆರಿಸಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ಉಸಿರು ಜೋರಾಗಿ ಬಿಟ್ರೆ ಹಾರಿಹೋಗತ್ತೆ. ಆಮೇಲೆ ಟೆಫ್ಲಾನ್ ಡಬ್ಬೀಲಿ ಹೈಡ್ರೋಫ್ಲೋರಿಕ್ ಆಮ್ಲ ಹಾಕಿ ಬಿಸಿ ಮಾಡಿ ಕರಗಿಸಿ, ಮಾಸ್ ಸ್ಪೆಕ್ಟ್ರೋಮೀಟರಲ್ಲಿ, ಅಂದ್ರೆ ಪರಮಾಣುಗಳನ್ನ ತೂಕದ ಮೇಲೆ ಬೇರೆ ಮಾಡೋ ಯಂತ್ರದಲ್ಲಿ, ಐಸೊಟೋಪುಗಳನ್ನ ಎಣಿಸ್ತಾರೆ. ಇದೆಲ್ಲ ಧೂಳಿಲ್ಲದ ರೂಮಲ್ಲಿ, ಯಾಕಂದ್ರೆ ಗಾಳಿಯ ಧೂಳಲ್ಲೇ ಸೀಸ ಇರತ್ತೆ, ಒಂದು ಕಣ ಬಿದ್ರೂ ಲೆಕ್ಕ ಕೆಡತ್ತೆ. ಬೆಂಗಳೂರಿನ ಡೈಕ್‌ಗಳ 236.7 ಕೋಟಿ ಅನ್ನೋ ವಯಸ್ಸು 2007ರಲ್ಲಿ ಪ್ರಕಟ ಆಗಿದ್ದು ಹೀಗೆ ಬ್ಯಾಡಿಲಿಯೈಟಿಂದಲೇ.

ಈಗ ಸುತ್ತಿಗೆ ಅವರು ಹೇಳಿದ್ದಕ್ಕೆ ಜೋಡಿಸಿ ನೋಡಿ. ಗ್ರಾನೈಟ್ 252 ಕೋಟಿ, ಡೈಕ್ 236.7 ಕೋಟಿ, ಮಧ್ಯ 15 ಕೋಟಿ ವರ್ಷ. ಗ್ರಾನೈಟ್ ಆರೋಕೆ ಬೇಕಾದಷ್ಟು ಟೈಮು. ಅಂಚಿನ ನುಣ್ಣಗಿನ ಕಲ್ಲು ಬಾಯಲ್ಲಿ ಹೇಳಿದ್ದನ್ನ ಹರಳು ಅಂಕಿಯಲ್ಲಿ ಹೇಳ್ತಿದೆ.

ಮೇಷ್ಟ್ರು_ಕನಕಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹರಳು ಮೇಡಂ, ಒಂದು ಅನುಮಾನ. ಹಾರೋಹಳ್ಳಿ ಡೈಕ್ ಬಗ್ಗೆ ಹುಡುಕಿದಾಗ ಒಂದು ಕಡೆ ಸುಮಾರು 81 ಕೋಟಿ ವರ್ಷ ಅಂತಿದೆ, ಇನ್ನೊಂದು ಕಡೆ 119 ಕೋಟಿ ಅಂತಿದೆ. ನೀವು ಹೇಳಿದ 236.7ಕ್ಕೂ ಇವೆರಡಕ್ಕೂ ಸಂಬಂಧವೇ ಇಲ್ಲ. ಮಕ್ಕಳಿಗೆ ಯಾವುದು ಹೇಳಲಿ? ಹೀಗೆ 38 ಕೋಟಿ ವರ್ಷ ಆಚೆ ಈಚೆ ಆದ್ರೆ ಇವರ ಲೆಕ್ಕನ ನಂಬೋದು ಹೇಗೆ ಅಂತ ಯಾರಾದ್ರೂ ಪೋಷಕರು ಕೇಳಿದ್ರೆ ಉತ್ತರ ಬೇಕಲ್ಲ. ಆಮೇಲೆ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಹಾಗೇ ಉಳೀತು.

ಹರಳು_ಲ್ಯಾಬ್

ಮೇಷ್ಟ್ರೇ, ಮೊದಲನೇದಾಗಿ ಹಾರೋಹಳ್ಳಿಯವು ಬೇರೆ ಡೈಕ್‌ಗಳು, ಸೋಡಿಯಂ ಪೊಟ್ಯಾಶಿಯಂ ಜಾಸ್ತಿ ಇರೋ ಕ್ಷಾರೀಯ ಜಾತಿ, ಹೆಚ್ಚುಕಡಿಮೆ ಉತ್ತರ-ದಕ್ಷಿಣ ಹಾಯತ್ತೆ. 236.7 ಕೋಟಿಯವು ಪೂರ್ವ-ಪಶ್ಚಿಮದವು. ಅದೇ ಊರಿನ ಸುತ್ತ ಎರಡೂ ಇದೆ, ಅದಕ್ಕೆ ಗೊಂದಲ.

81 ಕೋಟಿ ಅನ್ನೋದು 1970ರ ದಶಕದಲ್ಲಿ ರುಬಿಡಿಯಂ–ಸ್ಟ್ರಾಂಷಿಯಂ ವಿಧಾನದಲ್ಲಿ ಬಂದಿದ್ದು, ಇದರಲ್ಲಿ ರುಬಿಡಿಯಂ-87 ಕ್ಷಯಿಸಿ ಸ್ಟ್ರಾಂಷಿಯಂ-87 ಆಗೋದೇ ಗಡಿಯಾರ. ಆಗ ಇದ್ದ ಒಳ್ಳೇ ವಿಧಾನ ಅದೇ, ಕೆಲಸ ಮಾಡಿದವರನ್ನ ಹಗುರವಾಗಿ ನೋಡಬಾರದು. ಅದರಲ್ಲಿ ಒಂದು ಹರಳಲ್ಲ, ಇಡೀ ಕಲ್ಲನ್ನ ಪುಡಿ ಮಾಡಿ ಅಳೀತಾರೆ, ಒಂದೇ ಗುಂಪಿನ ಹಲವು ಕಲ್ಲುಗಳ ಅಳತೆ ಗ್ರಾಫಲ್ಲಿ ಒಂದು ನೇರ ಗೆರೆ ಮೇಲೆ ಕೂತ್ರೆ ಆ ಗೆರೆಯ ಇಳಿಜಾರಿಂದ ವಯಸ್ಸು. ಇದಕ್ಕೆ ಎರಡು ಷರತ್ತು ಇದೆ. ಎಲ್ಲಾ ಕಲ್ಲೂ ಒಂದೇ ಮೂಲದಿಂದ ಒಂದೇ ಸಲ ಬಂದಿರಬೇಕು, ಬಂದ ಮೇಲೆ ರುಬಿಡಿಯಂ ಆಗಲಿ ಸ್ಟ್ರಾಂಷಿಯಂ ಆಗಲಿ ಆಚೆ ಈಚೆ ಹೋಗಿರಬಾರದು. ಎರಡೂ ನೀರಲ್ಲಿ ಸುಲಭವಾಗಿ ಓಡಾಡೋ ಧಾತುಗಳು, ಬಂಡೆ ಒಳಗೆ ಬಿಸಿ ನೀರು ಹರಿದ್ರೆ ಗೆರೆ ವಾಲಿಬಿಡತ್ತೆ, ವಾಲಿದ್ರೂ ನೋಡೋಕೆ ನೇರವಾಗೇ ಕಾಣತ್ತೆ. ಯುರೇನಿಯಂ–ಸೀಸದಲ್ಲಿರೋ ಎರಡನೇ ಗಡಿಯಾರ ಇಲ್ಲಿಲ್ಲ, ಹಾಗಾಗಿ ಕೆಟ್ಟಿದೆ ಅಂತ ಅದು ತಾನಾಗಿ ಹೇಳಲ್ಲ.

2008ರಲ್ಲಿ ಅದೇ ಹಾರೋಹಳ್ಳಿ ಡೈಕಿಂದ ಜಿರ್ಕಾನ್ ತೆಗೆದು ಯುರೇನಿಯಂ–ಸೀಸದಲ್ಲಿ ಅಳೆದ್ರು, 119.2 ಕೋಟಿ ಬಂತು, 1 ಕೋಟಿ ಆಚೆ ಈಚೆ ಇರಬಹುದು. ಜಿರ್ಕಾನ್ ಗೋಡೆಯಿಂದ ಕದ್ದಿದ್ದಾದ್ರೆ ಅಂತ ನೀವೇ ಕೇಳಬಹುದು, ಕೇಳಬೇಕು ಕೂಡ. ಸುತ್ತ ಇರೋ ಗೋಡೆ ಎಲ್ಲಾ 252 ಕೋಟಿ ಇಲ್ಲಾ ಅದಕ್ಕಿಂತ ಹಳೇದು, 119 ಕೋಟಿದು ಅಲ್ಲಿ ಯಾವುದೂ ಇಲ್ಲ, ಕದಿಯೋಕೆ ಏನಿದೆ? ಹಾಗಾಗಿ ಅದು ಡೈಕಿನದೇ ಹರಳು. ಮಕ್ಕಳಿಗೆ 119 ಕೋಟಿ ಅಂತಲೇ ಹೇಳಿ. ಪೋಷಕರು ಕೇಳಿದ್ರೆ, ಕಲ್ಲಿನ ವಯಸ್ಸು ಅಂತ ಬರೀ ಒಂದು ಸಂಖ್ಯೆ ಕೇಳಿ ಸುಮ್ನಾಗಬೇಡಿ, ಯಾವ ಖನಿಜದಲ್ಲಿ, ಯಾವ ವಿಧಾನದಲ್ಲಿ, ಆ ಗಡಿಯಾರ ಶುರುವಾಗಿದ್ದು ಯಾವ ಘಟನೆಯಿಂದ ಅಂತ ಕೇಳಿ ಅಂತ ಹೇಳಿ. ಉದಾಹರಣೆಗೆ ಪೊಟ್ಯಾಶಿಯಂ–ಆರ್ಗಾನ್ ವಿಧಾನದಲ್ಲಿ ಬಯೋಟೈಟ್ ಅಂದ್ರೆ ಕಾಗೆಬಂಗಾರದ ಕಪ್ಪು ಜಾತಿನ ಅಳೆದ್ರೆ, ಅದು ಸುಮಾರು 300 ಡಿಗ್ರಿಗಿಂತ ಕೆಳಗೆ ಯಾವಾಗ ಇಳೀತು ಅನ್ನೋದನ್ನ ಹೇಳತ್ತೆ, ಹುಟ್ಟಿದ ದಿನ ಅಲ್ಲ. ಜಿರ್ಕಾನಿಗೆ ಆ ಮಿತಿ 900 ಡಿಗ್ರಿ ಆಸುಪಾಸು, ಅದಕ್ಕೇ ಅದು ಹುಟ್ಟಿನ ಹತ್ರದ ಸಂಖ್ಯೆ ಕೊಡತ್ತೆ.

ದಿಕ್ಕು_ದೆಸೆ

ಎಲ್ಲಿಂದ ಬಂತು ಅನ್ನೋದು ನನ್ನ ಪ್ರೀತಿಯ ವಿಷಯ, ಇದರಲ್ಲಿ ಎರಡು ಪ್ರಶ್ನೆ ಬೆರೆತುಹೋಗಿದೆ. ಶಿಲಾಪಾಕ ಹುಟ್ಟಿದ್ದು ಯಾವ ಪದರದಲ್ಲಿ ಅನ್ನೋದು ಒಂದು, ಅಲ್ಲಿಂದ ಈ ಸೀಳಿಗೆ ಯಾವ ದಾರೀಲಿ ಬಂತು ಅನ್ನೋದು ಇನ್ನೊಂದು.

ಮೊದಲನೇದಕ್ಕೆ ರಸಾಯನ. ಹರಳು ಅವರು ಸ್ಟ್ರಾಂಷಿಯಂ ಗಡಿಯಾರ ಕೆಡಬಹುದು ಅಂದ್ರು, ಆದ್ರೆ ಅದೇ ಸ್ಟ್ರಾಂಷಿಯಂ ಮೂಲ ಹುಡುಕೋಕೆ ತುಂಬಾ ಉಪಯೋಗ. ಭೂಮಿ ಮೇಲ್ಪದರದ ಹಳೇ ಬಂಡೆಗಳಲ್ಲಿ ರುಬಿಡಿಯಂ ಜಾಸ್ತಿ, ಹಾಗಾಗಿ ಅಲ್ಲಿ ಸ್ಟ್ರಾಂಷಿಯಂ-87 ಕಾಲ ಕಳೆದ ಹಾಗೆ ಹೆಚ್ಚಾಗ್ತಾ ಹೋಗತ್ತೆ. ಮೇಲ್ಪದರದ ಕೆಳಗಿರೋ ದಪ್ಪ ಪದರ ಮ್ಯಾಂಟಲ್‌ನಲ್ಲಿ ರುಬಿಡಿಯಂ ಕಮ್ಮಿ, ಅಲ್ಲಿ ಅಷ್ಟು ಏರಲ್ಲ. ಶಿಲಾಪಾಕ ಹುಟ್ಟಿದಾಗ ಇದ್ದ 87 ಮತ್ತೆ 86ರ ಅನುಪಾತ ಲೆಕ್ಕ ಹಾಕಿದ್ರೆ, ಕಡಿಮೆ ಇದ್ರೆ ಮ್ಯಾಂಟಲ್‌ನಿಂದ ಎದ್ದಿದ್ದು, ಜಾಸ್ತಿ ಇದ್ರೆ ಹಳೇ ಮೇಲ್ಪದರ ಕರಗಿದ್ದು ಇಲ್ಲಾ ಅದನ್ನ ತಿಂದ್ಕೊಂಡು ಬಂದಿದ್ದು. ನಿಯೋಡಿಮಿಯಂ, ಹ್ಯಾಫ್ನಿಯಂ ಅನ್ನೋ ಧಾತುಗಳ ಐಸೊಟೋಪಲ್ಲೂ ಇದೇ ಥರ ವಿಚಾರಣೆ ಮಾಡ್ತಾರೆ, ಒಂದೇ ಸಾಕ್ಷಿ ನಂಬಲ್ಲ. ಕ್ಲೋಸ್‌ಪೇಟ್ ಗ್ರಾನೈಟಲ್ಲಿ ಎರಡೂ ಮೂಲ ಕಂಡಿದೆ: ಮ್ಯಾಂಟಲ್‌ನಿಂದ ಬಂದ ಬಿಸಿ ಶಿಲಾಪಾಕ, ಅದು ಸುತ್ತಲಿನ ಹಳೇ ನೈಸನ್ನ ಕರಗಿಸಿ ಆದ ಶಿಲಾಪಾಕ, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿದೆ. ಆ ದುಂಡು ಕಪ್ಪು ಮಚ್ಚೆಗಳು ಈ ಬೆರಕೆಯ ಕಣ್ಣಿಗೆ ಕಾಣೋ ಗುರುತು. ಇನ್ನೊಂದು ಅದ್ಭುತ ಏನಂದ್ರೆ ಈ 400 ಕಿಲೋಮೀಟರ್ ಉದ್ದಕ್ಕೂ ನೆಲ ಒಂದೇ ಸಮ ಸವೆದಿಲ್ಲ, ದಕ್ಷಿಣದಲ್ಲಿ ಜಾಸ್ತಿ ಸವೆದಿದೆ. ಹಾಗಾಗಿ ಕಬ್ಬಾಳದುರ್ಗದ ಕಡೆ ನಾವು ನೋಡ್ತಿರೋದು ಗ್ರಾನೈಟಿನ ಆಳದ ಬೇರು, ಮಾಗಡಿ ಪಾವಗಡದಲ್ಲಿ ಶಿಲಾಪಾಕ ಮೇಲೆ ಹತ್ತಿದ ದಾರಿ, ಉತ್ತರಕ್ಕೆ ಹೋದ್ರೆ ಮೇಲೆ ಬಂದು ನಿಂತ ಜಾಗ. ಕಾರಲ್ಲಿ ಒಂದು ದಿನ ಉತ್ತರಕ್ಕೆ ಹೋದ್ರೆ ಆಳದಿಂದ ಮೇಲಕ್ಕೆ ಹತ್ತಿದ ಹಾಗೆ. ಮಾಗಡಿ ಕಡೆ ಬಂಡೇಲಿ ಗುಲಾಬಿ ಫೆಲ್ಸ್‌ಪಾರ್ ಹರಳು ಬೆರಳ ಗೆಣ್ಣಿನಷ್ಟು ದಪ್ಪ ಇರತ್ತೆ, ಉದ್ದ ಹರಳುಗಳು ಒಂದೇ ದಿಕ್ಕಿಗೆ ಮಲಗಿರೋದು ನೋಡಿ, ಶಿಲಾಪಾಕ ಹರಿದ ಸಾಲು ಅದು.

ಎರಡನೇದು ದಾರಿ. ಡೈಕಲ್ಲಿ ಹರಳು ಚಿಕ್ಕದು, ಹರಿದ ಸಾಲು ಕಣ್ಣಿಗೆ ಕಾಣಲ್ಲ. ಆದ್ರೆ ಅದರಲ್ಲಿ ಮ್ಯಾಗ್ನೆಟೈಟ್ ಅನ್ನೋ ಆಯಸ್ಕಾಂತಕ್ಕೆ ಅಂಟೋ ಕಬ್ಬಿಣದ ಖನಿಜ ಇರತ್ತೆ, ಆ ಕಣಗಳು ಹರಿವಿಗೆ ತಕ್ಕ ಹಾಗೆ ಕೂತಿರತ್ತೆ. ದಿಕ್ಕು ಗುರುತು ಹಾಕಿ ಡ್ರಿಲ್ ಮಾಡಿ ತೆಗೆದ ಪುಟ್ಟ ಸಿಲಿಂಡರ್ ಕಲ್ಲನ್ನ ಮೆಷಿನಲ್ಲಿ ಇಟ್ಟು ಯಾವ ದಿಕ್ಕಲ್ಲಿ ಸುಲಭವಾಗಿ ಕಾಂತತ್ವ ಹಿಡಿಯತ್ತೆ ಅಂತ ನೋಡ್ತಾರೆ. ಕೆನಡಾದ ಮೆಕೆಂಜಿ ಡೈಕ್‌ಗಳ ಮೇಲೆ ಇದನ್ನ ಮಾಡಿ 1992ರಲ್ಲಿ ಒಂದು ಫಲಿತಾಂಶ ಬಂತು, ಅದು ಈ ವಿಷಯದಲ್ಲಿ ಮೈಲಿಗಲ್ಲು. ಆ ಡೈಕ್‌ಗಳಿಗೆ 126.7 ಕೋಟಿ ವರ್ಷ, ಬೀಸಣಿಗೆ ಥರ ಹರಡಿಕೊಂಡು 2000 ಕಿಲೋಮೀಟರಿಗೂ ಜಾಸ್ತಿ ಹೋಗತ್ತೆ. ಬೀಸಣಿಗೆಯ ಹಿಡಿ ಹತ್ರ, ಸುಮಾರು 500 ಕಿಲೋಮೀಟರ್ ಒಳಗೆ, ಹರಿವು ಕೆಳಗಿಂದ ಮೇಲಕ್ಕೆ. ಅದರಿಂದ ಆಚೆ ಪೂರ್ತಿ ಅಡ್ಡಕ್ಕೆ. ಅಂದ್ರೆ ಶಿಲಾಪಾಕ ಒಂದು ಕಡೆ ಎದ್ದು, ಸಾವಿರಾರು ಕಿಲೋಮೀಟರ್ ನೆಲದೊಳಗೇ ಪಕ್ಕಕ್ಕೆ ಹರಿದಿದೆ! ಮೇಷ್ಟ್ರು ಕೇಳಿದ್ರಲ್ಲ ಕೆಳಗಿಂದನಾ ಪಕ್ಕದಿಂದನಾ ಅಂತ, ಎರಡೂ ಆಗತ್ತೆ, ಕೇಂದ್ರದಿಂದ ಎಷ್ಟು ದೂರ ಅನ್ನೋದರ ಮೇಲೆ.

ನಮ್ಮ 236.7 ಕೋಟಿಯ ಡೈಕ್‌ಗಳು ತೆಲಂಗಾಣದ ಕರೀಂನಗರದವರೆಗೂ ಅದೇ ವಯಸ್ಸಿಗೆ ಸಿಕ್ಕಿವೆ, ಅದಕ್ಕೆ ಈಗ ಬೆಂಗಳೂರು–ಕರೀಂನಗರ ಗುಂಪು ಅಂತಾರೆ. ಅದೇ ಕಲ್ಲಲ್ಲಿ ತಣ್ಣಗಾಗುವಾಗ ಅಚ್ಚಾದ ಭೂಕಾಂತದ ದಿಕ್ಕು ನೆಲಕ್ಕೆ ತುಂಬಾ ಕಡಿದಾಗಿ ಇಳಿದಿದೆ, ಅದು ಹಾಗೆ ಇಳಿಯೋದು ಧ್ರುವದ ಹತ್ರ ಮಾತ್ರ, ಅಂದ್ರೆ ಆಗ ನಮ್ಮ ಈ ನೆಲ ಧ್ರುವದ ಹತ್ರದ ಅಕ್ಷಾಂಶದಲ್ಲಿತ್ತು. ಆ ಅಚ್ಚು ಆಗಿನದೇನಾ ಅಥವಾ ಆಮೇಲೆ ಬದಲಾಗಿದ್ದಾ ಅಂತ ನೋಡೋಕೆ ಡೈಕ್ ಪಕ್ಕದಲ್ಲಿ ಬೆಂದ ಗ್ರಾನೈಟಿಂದು, ದೂರದ ಬೇಯದ ಗ್ರಾನೈಟಿಂದು ಎರಡೂ ಅಳೀಬೇಕು. ಬೆಂದಿದ್ದು ಡೈಕಿನ ದಿಕ್ಕನ್ನೇ ತೋರಿಸಿ, ಬೇಯದ್ದು ಬೇರೆ ತೋರಿಸಿದ್ರೆ ಆ ಅಚ್ಚು ಡೈಕ್ ಹುಟ್ಟಿದಾಗಿನದೇ ಅಂತ ಗಟ್ಟಿ.

ಮೇಷ್ಟ್ರು_ಕನಕಪುರ

ಹಾಗಾದ್ರೆ ದಿಕ್ಸೂಚಿ ತಗೊಂಡು ಹೋಗಿ ಪೂರ್ವ-ಪಶ್ಚಿಮ ಇದ್ರೆ 236.7 ಕೋಟಿ, ಉತ್ತರ-ದಕ್ಷಿಣ ಇದ್ರೆ 119 ಕೋಟಿ ಅಂತ ಮಕ್ಕಳ ಕೈಲಿ ಬರೆಸಬಹುದಾ?

ಸುತ್ತಿಗೆ_ಲೆನ್ಸ್

ಬೇಡ ಮೇಷ್ಟ್ರೇ, ಅಲ್ಲೇ ಎಲ್ಲರೂ ಜಾರೋದು. ಧಾರವಾಡ ಕ್ರೇಟಾನ್ ಅಂತ ನಾವು ಕರೆಯೋ ಈ ಹಳೇ ನೆಲದಲ್ಲಿ ಡೈಕ್ ಬಂದಿರೋದು ಒಂದು ಸಲ ಅಲ್ಲ. ಕುಣಿಗಲ್ ಹೆಸರಿರೋ ಗುಂಪು 221 ಕೋಟಿ, ದಾಂಡೇಲಿ ಹೆಸರಿರೋದು 218 ಕೋಟಿ, ಹಂಪಿ ಕಡೆದು 188 ಕೋಟಿ, ಇನ್ನೂ ಇವೆ. ಕುಣಿಗಲ್ ಗುಂಪೂ ಹೆಚ್ಚುಕಡಿಮೆ ಉತ್ತರ-ದಕ್ಷಿಣವೇ, ಹಾರೋಹಳ್ಳಿದೂ ಉತ್ತರ-ದಕ್ಷಿಣ, ಎರಡರ ಮಧ್ಯ 100 ಕೋಟಿ ವರ್ಷ! ದಿಕ್ಕು ನೋಡಿ ಯಾವ ಗುಂಪು ಇರಬಹುದು ಅಂತ ಅಂದಾಜು ಮಾಡಬಹುದು, ವಯಸ್ಸು ಬರೀಬಾರದು.

ಮಕ್ಕಳಿಗೆ ಮಾಡಿಸಬೇಕಾದ ಕೆಲಸ ನಾನು ಹೇಳ್ತೀನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲಲ್ಲಿ ನಿಮ್ಮ ತಾಲ್ಲೂಕಿನ ಭೂನಕ್ಷೆ ಸಿಗತ್ತೆ, ಡೈಕ್‌ಗಳು ಅದರಲ್ಲಿ ಗೆರೆ ಗೆರೆಯಾಗಿ ಕಾಣತ್ತೆ. ಪೂರ್ವ-ಪಶ್ಚಿಮದ ಗೆರೆ ಮತ್ತೆ ಉತ್ತರ-ದಕ್ಷಿಣದ ಗೆರೆ ಅಡ್ಡ ಹಾಯೋ ಜಾಗ ಹುಡುಕಿ. ಅಲ್ಲಿ ಹೋಗಿ ಯಾವುದು ಮುರಿಯದೆ ನೇರ ಹೋಗಿದೆ, ಯಾವುದು ಕಡಿದುಹೋಗಿದೆ, ಯಾವುದರ ಅಂಚು ಇನ್ನೊಂದಕ್ಕೆ ತಾಗೋ ಕಡೆ ನುಣ್ಣಗಿದೆ ಅಂತ ನೋಡಿ, ಅಳತೆಗೆ ಒಂದು ಸ್ಕೇಲ್ ಇಟ್ಟು ಫೋಟೋ ತೆಗೀರಿ, ಜಿಪಿಎಸ್ ಅಂಕಿ ಬರ್ಕೊಳ್ಳಿ. ಇಂಥ ಜಾಗಗಳು ಕ್ವಾರಿಲಿ, ಲೇಔಟಲ್ಲಿ ಒಂದೊಂದಾಗಿ ಹೋಗ್ತಾ ಇವೆ, ಕಲ್ಲು ಎದ್ದುಹೋದ ಮೇಲೆ ಆ ಅಂಚನ್ನ ಯಾವ ಲ್ಯಾಬೂ ವಾಪಸ್ ತರೋಕಾಗಲ್ಲ.

ಕರಿಕಲ್ಲು_ಕ್ವಾರಿ

ಮೇಷ್ಟ್ರೇ ನಾನು ಕೆಲಸ ಮಾಡೋ ಕಡೆ ಒಂದು ದೊಡ್ಡ ಪಟ್ಟೆನ ಇನ್ನೊಂದು ಸಣ್ಣದು ಅಡ್ಡ ಸೀಳಿರೋದು ಗೋಡೇಲಿ ಚೆನ್ನಾಗಿ ಕಾಣತ್ತೆ, ಸಣ್ಣದು ಹೆಚ್ಚುಕಡಿಮೆ ಉತ್ತರಕ್ಕೆ ಹೋಗತ್ತೆ. ಆ ಕಡೆ ಈಗ ಬ್ಲಾಕ್ ತೆಗೀತಿಲ್ಲ. ಮಾಲೀಕರ ಹತ್ರ ಮಾತಾಡಿ ಪರ್ಮಿಷನ್ ತಗೋತೀನಿ, ಭಾನುವಾರ ಮೆಷಿನ್ ಓಡಲ್ಲ, ನೀವು ಸುತ್ತಿಗೆ ಅಣ್ಣ ಇಬ್ಬರೂ ಮೊದಲು ಬಂದು ನೋಡಿ, ಆಮೇಲೆ ಮಕ್ಕಳನ್ನ ಎಲ್ಲಿ ನಿಲ್ಲಿಸೋದು ಅಂತ ನಾನೇ ತೋರಿಸ್ತೀನಿ.

ಹರಳು_ಲ್ಯಾಬ್

ಹೋದ್ರೆ ಆ ಸಣ್ಣ ಪಟ್ಟೆಯ ನಡುವಿನ ಕಲ್ಲು ಒಂದು ತುಂಡು, ಅಂಚಿನದು ಒಂದು ತುಂಡು ಎತ್ತಿಡಿ, ಮೇಲೆ ಉತ್ತರ ದಿಕ್ಕಿಗೆ ಬಾಣದ ಗುರುತು ಹಾಕಿ ಬೇರೆ ಬೇರೆ ಚೀಲಕ್ಕೆ ಹಾಕಿ. ಕೊಳೆತ ಕಂದು ಕಲ್ಲು ಬೇಡ, ಹೊಸದಾಗಿ ಒಡೆದಿದ್ದೇ ಬೇಕು. ಕಣ ಎಷ್ಟು ದಪ್ಪ ಇದೆ ಅಂತ ಫೋಟೋ ಇಲ್ಲಿ ಹಾಕಿದ್ರೆ ಬ್ಯಾಡಿಲಿಯೈಟ್ ಸಿಗೋ ಜಾತಿನಾ ಅಂತ ಹೇಳ್ತೀನಿ.